ಒಂದೇ ಮಕ್ಕಳ ಚಿತ್ರ, ಮೂರು ಥೇಟರು: ಹುಬ್ಬಳ್ಳಿ, ಧಾರವಾಡ, ಗದಗ

ಕಳೆದ ದಸರಾ ರಜೆಯಲ್ಲಿ ನಾವು ಒಂದೇ ಮಕ್ಕಳ ಚಿತ್ರವನ್ನು ಎರಡು ವಾರಗಳೊಳಗೆ ಮೂರು ಊರುಗಳ ಮೂರು ಥೇಟರುಗಳಲ್ಲಿ ನೋಡಿದೆವು. ಹೀಗೆ ಮಾಡಬೇಕೆಂದು ಯಾರೂ ಅಂದುಕೊಂಡಿರಲಿಲ್ಲ. ಮೊದಲ ಭಾನುವಾರ ಹುಬ್ಬಳ್ಳಿಯ ಮಾಲ್ ಒಂದರ ಮಲ್ಟಿಪ್ಲೆಕ್ಸ್‌ಗೆ ಹೋದಾಗ ಐದು ವರ್ಷದ ಮಗಳು ಇಂಟರ್ವಲ್ಲಿಗೂ ಮೊದಲೇ ಅತ್ತು ರಂಪ ಮಾಡಿ ತಾಯಿಯೊಂದಿಗೆ ಹೊರಗೆ ಹೋಗಿ ಕುಳಿತಳು. ಆದರೆ ಮನೆಗೆ ಬಂದ ಮೇಲೆ ಮೂರು ದಿನ ಬಿಡದೆ, “ಮರಿಗೆ ಅದರ ಅವ್ವ ಸಿಕ್ಕಳನ?” ಎಂದು ಕೇಳಿದ್ದರಿಂದ ಬುಧವಾರ ಧಾರವಾಡದ ಹಳೆಯ ಏಕಪರದೆ ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗಬೇಕಾಯಿತು. ಮರುವಾರ ಗದಗಿನ ತಂಗಿಯ ಮನೆಗೆ ಹೋದಾಗ ಅವಳ ಮಕ್ಕಳಿಬ್ಬರು ನೋಡಿಲ್ಲವೆಂದು ಮೂರನೆಯ ಸಲವೂ ಆಯಿತು. ನಮ್ಮ ತಂಡದಲ್ಲಿ ನಾನು, ಮಡದಿ, ಅರವತ್ತೆಂಟು ವರ್ಷದ ನನ್ನ ಅವ್ವ, ಒಂಬತ್ತು ವರ್ಷದ ಮಗ ಮತ್ತು ಈ ಮಗಳು. ಚಿತ್ರ ಕಾಡಿನಲ್ಲಿ ದಾರಿ ತಪ್ಪಿದ ಆನೆಮರಿಯ ಆನಿಮೇಷನ್ ಕಥೆ. ಒಂದು ಗಂಟೆ ಐವತ್ತು ನಿಮಿಷದ್ದು. ಎಲ್ಲ ವಯಸ್ಸಿನವರೂ ನೋಡಬಹುದೆಂಬ ‘ಯು’ ಪ್ರಮಾಣಪತ್ರ ಪಡೆದದ್ದು. ಮೊದಲು ‘ಯು/ಎ’ (ಮಕ್ಕಳು ಹೆತ್ತವರ ನಿಗಾದಲ್ಲಿ ನೋಡಬಹುದಾದದ್ದು) ಎಂಬ ಒಂದೇ ಗುಂಪಿನಲ್ಲಿದ್ದದ್ದನ್ನು ಸೆನ್ಸಾರ್ ಮಂಡಳಿ 2024ರಲ್ಲಿ 7+, 13+, 16+ ಎಂದು ಮೂರಾಗಿ ಒಡೆದಿರುವುದರಿಂದ ಐದು ವರ್ಷದವರನ್ನು ಕರೆದೊಯ್ಯುವವರು ಈಗ ಪೋಸ್ಟರಿನ ಮೂಲೆಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮೂರು ಕಡೆಯ ವ್ಯತ್ಯಾಸದಲ್ಲಿ ಎಲ್ಲಕ್ಕಿಂತ ದೊಡ್ಡದು ಪರದೆಯೂ ಅಲ್ಲ, ಕುರ್ಚಿಯೂ ಅಲ್ಲ, ಭಾಷೆ. ಮಲ್ಟಿಪ್ಲೆಕ್ಸ್‌ನಲ್ಲಿ ಕನ್ನಡದ ಅವತರಣಿಕೆ ಬೆಳಗಿನ ಹತ್ತರ ಆಟಕ್ಕೆ ಮಾತ್ರ ಇತ್ತು; ಊಟ ಮುಗಿಸಿ ಹೋಗಲು ಅನುಕೂಲವಾದ ಮಧ್ಯಾಹ್ನದ ಆಟ ಹಿಂದಿಯದು, ಅದೂ ತ್ರೀಡಿ. ಮಾತಿಗಿಂತ ಓಟ, ಜಿಗಿತ, ಹಾಡುಗಳೇ ಹೆಚ್ಚಿರುವ ಚಿತ್ರಕ್ಕೆ ಭಾಷೆ ಯಾವುದಾದರೇನು ಎಂದು ನಾನೇ ಹಿಂದಿಯ ಟಿಕೆಟ್ ತೆಗೆದೆ. ಮಗನಿಗೆ ಕಾರ್ಟೂನ್ ಚಾನೆಲ್‌ಗಳ ಕೃಪೆಯಿಂದ ಹಿಂದಿ ಬರುತ್ತದೆ. ಮಗಳಿಗೆ ಬರುವುದಿಲ್ಲ. “ಅಪ್ಪಾ, ಅಂವಾ ಏನಂದಾ?” ಎಂಬ ಪ್ರಶ್ನೆ ಐದನೇ ನಿಮಿಷಕ್ಕೆ ಶುರುವಾಯಿತು, ನಾನು ಕಿವಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಮುಂದಿನ ಮಾತು ಬಂದಿರುತ್ತಿತ್ತು, ನಗುವ ಜಾಗ ದಾಟಿರುತ್ತಿತ್ತು, ಮುಂದಿನ ಸಾಲಿನವರು ಹಿಂತಿರುಗಿ ನೋಡುತ್ತಿದ್ದರು. ಸುತ್ತಲಿನ ಮಕ್ಕಳೆಲ್ಲ ನಕ್ಕಾಗ ತಾನೊಬ್ಬಳೇ ನಗದೆ ಕುಳಿತಿದ್ದು ಅವಳಿಗೆ ಸಿಟ್ಟು ತರಿಸಿತೆಂದು ಕಾಣುತ್ತದೆ. ಗುಡುಗಿನ ದೃಶ್ಯ ಬಂದದ್ದು ಆಮೇಲೆ. ಅಳುವಿಗೆ ಅದು ನೆಪವಾಯಿತು.

ಧಾರವಾಡದಲ್ಲಿ ಅದೇ ಚಿತ್ರ ಕನ್ನಡದಲ್ಲಿ, ದಿನದ ನಾಲ್ಕೂ ಆಟ. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎರಡು ಕಡೆ ನಮಗಿಂತ ಮೊದಲೇ ನಕ್ಕಳು. ಅದೇ ಗುಡುಗಿನ ದೃಶ್ಯದಲ್ಲಿ ಅಜ್ಜಿಯ ಸೆರಗು ಹಿಡಿದು ಕುಳಿತಳೇ ಹೊರತು ಅಳಲಿಲ್ಲ, ಏಕೆಂದರೆ ಮಳೆ ನಿಲ್ಲುತ್ತದೆಂದು ಮುದಿ ಆನೆ ಮರಿಗೆ ಹೇಳುವುದು ಈ ಸಲ ಅವಳಿಗೆ ಅರ್ಥವಾಗಿತ್ತು. ಡಬ್ಬಿಂಗಿನ ಕನ್ನಡ ನಮ್ಮ ಕಡೆಯದಲ್ಲ ಎಂಬುದನ್ನೂ ಹೇಳಬೇಕು. ಅವ್ವ ಹತ್ತು ನಿಮಿಷ ಕೇಳಿ, “ಈ ಆನಿಮರಿ ಬೆಂಗಳೂರ ಕಡೀದು ಕಾಣತೈತಿ” ಎಂದು ತೀರ್ಪು ಕೊಟ್ಟರು. ಆದರೂ ‘ಬನ್ನಿ, ಹೋಗೋಣ’ ಎನ್ನುವ ಆನೆಯ ಮಾತು ‘ಬರ್ರಿ, ಹೋಗೂನು’ ಎನ್ನುವ ಮನೆಯ ಮಗುವಿಗೆ ತಿಳಿಯುತ್ತದೆ, ಹಿಂದಿಯದು ತಿಳಿಯುವುದಿಲ್ಲ. ಕನ್ನಡಕ್ಕೆ ಡಬ್ ಆದ ಚಿತ್ರಗಳನ್ನು ನಮ್ಮ ಉದ್ಯಮದವರು ದಶಕಗಳ ಕಾಲ ಥೇಟರಿನ ಹತ್ತಿರ ಬರಗೊಟ್ಟಿರಲಿಲ್ಲ. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡಿ ಮಾಡದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ ಆ ಕಟ್ಟುಪಾಡು ತಪ್ಪೆಂದು ಹೇಳಿದ ನಂತರವಷ್ಟೇ ದಾರಿ ಸಡಿಲವಾಯಿತು. ಡಬ್ಬಿಂಗಿನ ವಿರುದ್ಧ ಹೇಳಬಹುದಾದದ್ದು ಬಹಳವಿದೆ ಮತ್ತು ಅದರಲ್ಲಿ ಕೆಲವನ್ನು ನಾನೂ ಒಪ್ಪುತ್ತೇನೆ, ಆದರೆ ಐದು ವರ್ಷದ ಮಕ್ಕಳ ಮಟ್ಟಿಗೆ ಆ ವಾದ ನನ್ನಲ್ಲಿ ಆ ಬುಧವಾರವೇ ಮುಗಿಯಿತು.

ತ್ರೀಡಿಯ ಬಗ್ಗೆ ನಾನು ಸ್ವಲ್ಪ ನಿಷ್ಠುರವಾಗಿ ಬರೆಯುವವನಿದ್ದೇನೆ. ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವನಾದ್ದರಿಂದ ಅದಕ್ಕೆ ಹಕ್ಕಿದೆ ಎಂದುಕೊಂಡಿದ್ದೇನೆ. ಸಾಧಾರಣ ಚಿತ್ರಕ್ಕೆ ಪರದೆಯ ಮೇಲೆ 14 ಫುಟ್‌ಲ್ಯಾಂಬರ್ಟ್ (ಪರದೆಯ ಹೊಳಪನ್ನು ಅಳೆಯುವ ಮಾನ) ಬೆಳಕು ಇರಬೇಕೆಂಬುದು ಉದ್ಯಮದ ಮಾನದಂಡ. ತ್ರೀಡಿಯಲ್ಲಿ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರವನ್ನು ಧ್ರುವೀಕರಿಸಿ, ಎಂದರೆ ಬೆಳಕನ್ನು ಸೋಸಿ, ಕಳುಹಿಸುವುದರಿಂದಲೂ ಕನ್ನಡಕ ಮತ್ತಷ್ಟನ್ನು ನುಂಗುವುದರಿಂದಲೂ ಕಣ್ಣಿಗೆ ತಲುಪುವುದು ಅದರ ಮೂರನೇ ಒಂದು ಭಾಗದಷ್ಟು ಅಥವಾ ಇನ್ನೂ ಕಡಿಮೆ. ಕಾಡಿನ ರಾತ್ರಿ, ಮಳೆ, ಕರಿಯ ಆನೆ: ಇವೆಲ್ಲ ಇರುವ ಚಿತ್ರವನ್ನು ಹೀಗೆ ನೋಡಿದರೆ ಅರ್ಧ ಗಂಟೆ ಬರೀ ಕತ್ತಲೆಯೇ. ಕನ್ನಡಕವೂ ದೊಡ್ಡವರ ಅಳತೆಯದು. ಮಗಳ ಮೂಗಿನಿಂದ ಜಾರಿ ತುಟಿಯ ಮೇಲೆ ಬಂದು ನಿಲ್ಲುತ್ತಿತ್ತು. ಅವ್ವ ತಮ್ಮ ಚೀಲದಿಂದ ಕೂದಲಿಗೆ ಕಟ್ಟುವ ರಬ್ಬರ್ ತೆಗೆದು ಎರಡೂ ಕಡ್ಡಿಗಳನ್ನು ತಲೆಯ ಹಿಂದೆ ಬಿಗಿದು ಕೊಟ್ಟರು. ಹತ್ತು ನಿಮಿಷ ನಡೆಯಿತು, ಆಮೇಲೆ ಕಿವಿ ನೋಯುತ್ತದೆಂದು ಕಿತ್ತು ಹಾಕಿದಳು, ಕಿತ್ತ ಮೇಲೆ ಪರದೆಯೆಲ್ಲ ಎರಡೆರಡಾಗಿ ಮಸುಕು. ಮಗನಿಗೆ ಮಾತ್ರ ತ್ರೀಡಿಯೇ ಸರ್ವಶ್ರೇಷ್ಠ. ಸೊಂಡಿಲು ಮುಖದ ಹತ್ತಿರ ಬಂದಾಗ ಕೈಚಾಚಿ ಹಿಡಿಯಹೋದ ಅವನನ್ನು ನೋಡಿದ ಮೇಲೆ ಅವನ ಮಾತನ್ನು ಸುಳ್ಳೆನ್ನಲಾರೆ.

ಕುರ್ಚಿಯ ವಿಷಯ ನಾನು ಎಲ್ಲಿಯೂ ಓದಿರಲಿಲ್ಲ, ಅನುಭವದಿಂದಲೇ ತಿಳಿಯಬೇಕಾಯಿತು. ಮಲ್ಟಿಪ್ಲೆಕ್ಸ್‌ನ ಆಸನ ಎದ್ದ ಕೂಡಲೇ ತಾನಾಗಿ ಮಡಚಿಕೊಳ್ಳುವಂಥದ್ದು. ಹದಿನಾರು ಕಿಲೋ ತೂಕದ ಮಗು ಹಿಂದಕ್ಕೆ ಒರಗಿದರೆ ಅದರ ಭಾರ ಸಾಲದೆ ಆಸನ ಮೇಲೇಳುತ್ತದೆ, ಮೊಣಕಾಲು ಗದ್ದಕ್ಕೆ ಬಂದು ಮಗು ಅಡಕತ್ತರಿಯಲ್ಲಿನ ಅಡಿಕೆಯಂತೆ ಸಿಕ್ಕಿಕೊಳ್ಳುತ್ತದೆ. ಕೇಳಿದರೆ ಮಕ್ಕಳ ಎತ್ತರಕ್ಕೆ ಸರಿಯಾದ ಪ್ಲಾಸ್ಟಿಕ್ ಆಸನವನ್ನು ಕೆಲವು ಕಡೆ ಕೊಡುತ್ತಾರಂತೆ. ನಾವು ಹೋದಲ್ಲಿ ಇರಲಿಲ್ಲ, ಮಡದಿಯ ಒಂದು ಕೈ ಒಳಗಿದ್ದಷ್ಟು ಹೊತ್ತೂ ಆ ಆಸನವನ್ನು ಒತ್ತಿ ಹಿಡಿಯುವುದಕ್ಕೇ ಮೀಸಲಾಯಿತು. ಧಾರವಾಡದ ಬಾಲ್ಕನಿಯ ರೆಕ್ಸಿನ್ ಕುರ್ಚಿಗಳು ಹರಿದಿವೆ, ಒಂದೆರಡು ಕಡೆ ಸ್ಪಂಜು ಹೊರಗೆ ಬಂದಿದೆ, ಆದರೆ ತುಕ್ಕು ಹಿಡಿದ ತಿರುಗಣಿಯ ದೆಸೆಯಿಂದ ಅವು ಮಡಚುವುದೇ ಇಲ್ಲ. ಮನೆಯಿಂದ ಒಯ್ದ ಚಾದರವನ್ನು ನಾಲ್ಕು ಮಡಿಕೆ ಮಾಡಿ ಹಾಕಿದರೆ ಮಗು ಆರಾಮಾಗಿ ಕುಳಿತಿತು. ಬಾಲ್ಕನಿಯ ಮೊದಲ ಸಾಲು ಮಾತ್ರ ಬೇಡ. ದೊಡ್ಡವರಿಗೆ ಅದು ಶ್ರೇಷ್ಠ ಜಾಗ, ಮಕ್ಕಳಿಗೆ ಕಟಾಂಜನದ ಪೈಪು ಸರಿಯಾಗಿ ಕಣ್ಣಿಗೇ ಅಡ್ಡ ಬರುತ್ತದೆ. ನಾವು ಮೂರನೇ ಸಾಲಿಗೆ ಸರಿದೆವು.

ಶಬ್ದದಲ್ಲಿ ಮಲ್ಟಿಪ್ಲೆಕ್ಸ್ ತಾಂತ್ರಿಕವಾಗಿ ಮುಂದಿದೆ, ಮಗುವಿನ ಕಿವಿಗೆ ಹಿಂದಿದೆ. ಥೇಟರಿನ ಶಬ್ದವನ್ನು ಏರಿಸಿ ಇಳಿಸುವ ಡಾಲ್ಬಿ ಯಂತ್ರದಲ್ಲಿ 7 ಎಂಬ ಅಂಕಿ ಚಿತ್ರ ತಯಾರಿಸಿದವರು ಉದ್ದೇಶಿಸಿದ ಮಟ್ಟ. ಅದರಿಂದ ಒಂದೆರಡು ಅಂಕಿ ಇಳಿಸಿಯೇ ಹಾಕುವುದು ಅನೇಕ ಥೇಟರುಗಳ ರೂಢಿ. ಹುಬ್ಬಳ್ಳಿಯಲ್ಲಿ ಶಬ್ದ ಜಾಸ್ತಿಯಾಯಿತೆಂದು ಬಾಗಿಲಲ್ಲಿದ್ದ ಹುಡುಗನಿಗೆ ಹೇಳಿದೆ. “ಅದು ಸೆಟ್ಟಿಂಗ್ ಸರ್, ನಮ್ಮ ಕೈಯಾಗಿಲ್ಲ” ಎಂದ. ನಿಜವಾಗಿಯೂ ಅವನ ಕೈಯಲ್ಲಿ ಇರಲಿಕ್ಕಿಲ್ಲ. ಧಾರವಾಡದಲ್ಲಿ ಗೇಟ್‌ಕೀಪರ್ ಕಾಕಾ ಮಗಳ ಮುಖ ನೋಡಿ ತಾವೇ ಮೆಟ್ಟಿಲೇರಿ ಹೋಗಿ ಆಪರೇಟರಿಗೆ ಹೇಳಿ ಬಂದರು, ಎರಡು ನಿಮಿಷದಲ್ಲಿ ಶಬ್ದ ತಗ್ಗಿತು. ಇಂಟರ್ವಲ್ಲಿನಲ್ಲಿ ಮಗನನ್ನು ಆ ಕೋಣೆಯ ಬಾಗಿಲಿನವರೆಗೆ ಕರೆದೊಯ್ದೆ. ರೀಲು ತಿರುಗುವುದನ್ನು ನೋಡಬಹುದೆಂದುಕೊಂಡಿದ್ದ ಅವನಿಗೆ ಒಂದು ಪೆಟ್ಟಿಗೆ, ಒಂದು ಸರ್ವರ್, ಒಂದು ಫ್ಯಾನ್ ಕಂಡು ನಿರಾಸೆಯಾಯಿತು. ಚಿತ್ರ ಈಗ ಕಂಪ್ಯೂಟರ್ ಕಡತವಾಗಿ ಬರುತ್ತದೆ, ಅದನ್ನು ತೆರೆಯುವ ಡಿಜಿಟಲ್ ಕೀಲಿಗೆ ಇಂತಿಷ್ಟು ದಿನದ ಅವಧಿ ಇರುತ್ತದೆ, ಅವಧಿ ಮುಗಿದರೆ ಆಪರೇಟರ್ ಏನು ಮಾಡಿದರೂ ತೆರೆಯುವುದಿಲ್ಲ ಎಂದು ವಿವರಿಸಿದ ಮೇಲೆ ಸಮಾಧಾನವಾಯಿತು.

ಖರ್ಚಿನ ಅಂತರ ನಿರೀಕ್ಷಿಸಿದ್ದಕ್ಕಿಂತ ದೊಡ್ಡದು. ಹುಬ್ಬಳ್ಳಿಯಲ್ಲಿ ಐದು ಟಿಕೆಟ್‌ಗೆ ಆನ್‌ಲೈನ್ ಶುಲ್ಕ ಸೇರಿ 1,320 ರೂಪಾಯಿ, ತ್ರೀಡಿ ಕನ್ನಡಕಕ್ಕೆ 150, ತಿಂಡಿಗೆ 640, ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯ ಹೊಸೂರಿನವರೆಗೆ ಹೋಗಿ ಅಲ್ಲಿಂದ ಆಟೋ ಹಿಡಿದದ್ದು, ಮರಳಿದ್ದು ಸೇರಿ 300, ಒಟ್ಟು 2,410. ಧಾರವಾಡದಲ್ಲಿ ಬಾಲ್ಕನಿ ತಲೆಗೆ ನೂರರಂತೆ 500, ಪಾಪ್‌ಕಾರ್ನ್ ಮತ್ತು ಚಹಾಕ್ಕೆ 140, ಆಟೋಗೆ 120, ಒಟ್ಟು 760. ತೆರಿಗೆಯೂ ಈ ಅಂತರವನ್ನು ಹಿಗ್ಗಿಸುತ್ತದೆ: 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಅದೇ ತಿಂಗಳು ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ, ತೆರಿಗೆ ಸೇರಿಸದೆ, 200 ರೂಪಾಯಿಯ ಮಿತಿ ವಿಧಿಸಿದಾಗ ನಾನೂ ಖುಷಿಪಟ್ಟವನೇ. ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಖುಷಿ ಹತ್ತು ದಿನ ಉಳಿಯಿತು.

ತಿಂಡಿಯ ಪ್ರಸಂಗದಲ್ಲಿ ಅವ್ವನಿಗೆ ಅವಮಾನವಾಯಿತು. ಅವರ ಚೀಲದಲ್ಲಿದ್ದ ಶೇಂಗಾ ಉಂಡಿಯ ಡಬ್ಬಿಯನ್ನು ಮಲ್ಟಿಪ್ಲೆಕ್ಸ್‌ನ ಬಾಗಿಲಲ್ಲಿ ತೆಗೆಸಿ ಚೀಟಿ ಅಂಟಿಸಿ ಇಟ್ಟುಕೊಂಡರು. ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಚಿತ್ರಮಂದಿರಕ್ಕೆ ಇದೆಯೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಜಗಳ ಮಾಡಲು ಅವಕಾಶವಿರಲಿಲ್ಲ. ಆದರೆ ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕೆಂದೂ ಹಸುಗೂಸಿನ ಆಹಾರಕ್ಕೆ ಅಡ್ಡಿ ಮಾಡಬಾರದೆಂದೂ ಅದೇ ತೀರ್ಪಿನಲ್ಲಿದೆ. ನೀರು ಎಲ್ಲಿದೆಯೆಂದು ಕೇಳಿದಾಗ ಮೂಲೆಯ ಕೊಳಾಯಿ ತೋರಿಸಿದರು, ಕೇಳದಿದ್ದರೆ ಅರವತ್ತು ರೂಪಾಯಿಯ ಬಾಟಲಿ ಕೊಳ್ಳುತ್ತಿದ್ದೆವು. ಧಾರವಾಡದಲ್ಲಿ ಚೀಲವನ್ನು ಯಾರೂ ಮುಟ್ಟಲಿಲ್ಲ. ಉಂಡಿಯಲ್ಲಿ ಎರಡು ಗೇಟ್‌ಕೀಪರ್ ಕಾಕಾನಿಗೂ ಸಂದವು. ಆಟ ಬಿಟ್ಟ ಮೇಲೆ ಹೊರಗಿನ ಗಾಡಿಯಲ್ಲಿ ಗಿರಮಿಟ್, ಮಿರ್ಚಿ.

ಇಷ್ಟೆಲ್ಲ ಹೇಳಿದ ಮೇಲೆ ಏಕಪರದೆಯ ಪಕ್ಷಪಾತಿ ಎನಿಸಿಕೊಳ್ಳದಿರಲು ಶೌಚಾಲಯದ ಮಾತನ್ನು ಆಡಲೇಬೇಕು. ಧಾರವಾಡದಲ್ಲಿ ಹೆಂಗಸರ ಶೌಚಾಲಯದ ದೀಪ ಹತ್ತುತ್ತಿರಲಿಲ್ಲ, ಚಿಲಕವೂ ಇರಲಿಲ್ಲ. ಮಡದಿ ಮೊಬೈಲಿನ ಬೆಳಕು ಹಿಡಿದು ಮಗಳನ್ನು ಕರೆದೊಯ್ದು, ಇನ್ನೊಮ್ಮೆ ಈ ಥೇಟರಿಗೆ ಕರೆಯಬೇಡಿರೆಂದು ಅಲ್ಲಿಯೇ ಹೇಳಿದಳು. ಬಾಲ್ಕನಿಗೆ ಮೂವತ್ತನಾಲ್ಕು ಮೆಟ್ಟಿಲು, ಮಗ ಎಣಿಸಿದ್ದು. ಅವ್ವ ನಡುವೆ ಎರಡು ಸಲ ಕುಳಿತರು. ಹುಬ್ಬಳ್ಳಿಯಲ್ಲಿ ಲಿಫ್ಟ್ ಇತ್ತು, ಶೌಚಾಲಯ ಕನ್ನಡಿಯಂತಿತ್ತು. ಮೊಣಕಾಲು ನೋವಿನವರಿಗೆ ಇದೊಂದೇ ಸಾಕು ಮಲ್ಟಿಪ್ಲೆಕ್ಸ್‌ನ ಪರವಾಗಿ ನಿಲ್ಲಲು.

ಗದಗಿನದು ಈ ಎರಡರ ಪಂಕ್ತಿಯಲ್ಲಿ ನಿಲ್ಲುವುದಿಲ್ಲ. ಚಿತ್ರ ಮಂಕು, ಎಡಗಡೆಯ ಒಂದು ಸ್ಪೀಕರ್ ಸತ್ತಿತ್ತು, ನಡುವೆ ಕರೆಂಟು ಹೋಗಿ ಜನರೇಟರ್ ಹತ್ತುವವರೆಗೆ ಹತ್ತು ನಿಮಿಷ ಕತ್ತಲಲ್ಲಿ ಕುಳಿತೆವು. ಒಳಗೆ ಒಟ್ಟು ಹತ್ತೊಂಬತ್ತು ಜನ, ಅದರಲ್ಲಿ ನಾವೇ ಎಂಟು. ಎಂಬತ್ತು ರೂಪಾಯಿ ಟಿಕೆಟ್. ಕಥೆ ಬಾಯಿಪಾಠವಾಗಿದ್ದ ಮಗಳು ತಂಗಿಯ ಮಕ್ಕಳಿಗೆ ಮುಂದೇನಾಗುತ್ತದೆಂದು ಎಲ್ಲವನ್ನೂ ಮೊದಲೇ ಹೇಳಿ ಅವರ ಪಾಲಿನ ಚಿತ್ರವನ್ನು ಕೆಡಿಸಿದಳು ಎಂಬುದಷ್ಟೇ ಅಲ್ಲಿಯ ವಿಶೇಷ.

ನಾನು ಮತ್ತೆ ಟಿಕೆಟ್ ತೆಗೆಯುವುದಾದರೆ, ಅವ್ವ ಜೊತೆಗಿದ್ದಾಗ ಮಲ್ಟಿಪ್ಲೆಕ್ಸ್‌ನ ಬೆಳಗಿನ ಕನ್ನಡದ ಆಟವನ್ನೇ ಹಿಡಿಯುತ್ತೇನೆ, ಬೇಗ ಏಳಬೇಕಾದರೂ ಸರಿ, ಅವ್ವ ಮನೆಯಲ್ಲಿ ಉಳಿದರೆ ಧಾರವಾಡದ ಬಾಲ್ಕನಿ, ಮೂರನೇ ಸಾಲು, ಹೊರಡುವ ಮುನ್ನ ಮಗಳನ್ನು ಶೌಚಕ್ಕೆ ಕಳುಹಿಸಿ, ತ್ರೀಡಿಗೆ ಮಗನೊಬ್ಬನನ್ನೇ. ಆ್ಯಪ್‌ನಲ್ಲಿ ಒಂದೇ ಚಿತ್ರದ ಹೆಸರಿನಡಿ ಹಿಂದಿ, ಕನ್ನಡ, ಟೂಡಿ, ತ್ರೀಡಿ ಎಲ್ಲವೂ ಒಟ್ಟಿಗೆ ಇರುವುದರಿಂದ ಭಾಷೆಯನ್ನು ಮೊದಲು ಆರಿಸಿ ಆಮೇಲೆ ಸಮಯ ನೋಡಬೇಕು. ನಾನು ಮಾಡಿದ್ದು ಅದರ ತಿರುವುಮುರುವು. ನಾವು ನೋಡಿದ ಚಿತ್ರದ ಕನ್ನಡದ ಆಟ ಎರಡನೇ ಶುಕ್ರವಾರ ಹುಬ್ಬಳ್ಳಿಯಲ್ಲಿ ಪೂರ್ತಿ ನಿಂತುಹೋಯಿತು, ಹಿಂದಿಯದು ಇನ್ನೂ ಒಂದು ವಾರ ನಡೆಯಿತು. ಹಾಗಾಗಿ ಹೋಗುವವರು ಮೊದಲ ವಾರದಲ್ಲೇ ಹೋಗಬೇಕು.