ಸೆಫ್ವಿ ವಿಯಾವ್ಸೊ: ಪ್ರವಾಸಕ್ಕೆ ಒಂದು ನಕ್ಷತ್ರ, ರೊಟ್ಟಿ ಮುಸುಕಿಗೆ ನಾಲ್ಕೂವರೆ

ಅಂಕ ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅನುಕೂಲವಾಗಲಿ. ಘಾನಾದ ಕುಮಾಸಿಯಿಂದ ಸೆಫ್ವಿ ವಿಯಾವ್ಸೊ ಎಂಬ ಊರಿಗೆ ಹೊರಟ 'ಪ್ರಾಚೀನ ಇಸ್ರಾಯೇಲಿನ ಯಾಜಕರ ಊರಿಗೆ ಒಂದು ದಿನ' ಪ್ರವಾಸಕ್ಕೆ ಐದರಲ್ಲಿ ಒಂದು. ಆ ಒಂದೂ ಡ್ರೈವರಿಗೆ. ಪ್ರವಾಸ ಮುಗಿದ ಮೇಲೆ ನಾನೇ ಹೋಗಿ ಕೊಂಡುತಂದ ಬಟ್ಟೆಗೆ ನಾಲ್ಕೂವರೆ.

ನಾನು ಟೆಮಾದ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುವವಳು. ದಿನಕ್ಕೆ ಎಂಟು ಗಂಟೆ ಬಟ್ಟೆಯ ಒಳಮೈ ತಿರುವಿ ನೋಡುವುದೇ ಕಸುಬು. ಅಪ್ಪ ಕುಣಿಮಗ್ಗದಲ್ಲಿ ಕೂತವರು, ಆದ್ದರಿಂದ ಹಾಸು ಹೊಕ್ಕು ಲಾಳಿ ಎಲ್ಲ ಮಾತು ಕಲಿಯುವ ಮೊದಲೇ ಕಿವಿಗೆ ಬಿದ್ದವು. ಘಾನಾಕ್ಕೆ ಬಂದು ನಾಲ್ಕು ವರ್ಷವಾದರೂ ಕೆಂಟೆ ಎಂಬ ಇಲ್ಲಿಯ ಬಣ್ಣಬಣ್ಣದ ಪಟ್ಟಿ ನೇಯ್ಗೆಯ ಬಟ್ಟೆಯ ಹುಚ್ಚು ಬಿಟ್ಟಿಲ್ಲ. ಯೆಹೂದ್ಯರು ಸಬ್ಬತ್ತಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗಿನ ವಿಶ್ರಾಂತಿ ದಿನದ, ರೊಟ್ಟಿಗೆ ಹೊದಿಸುವ ಮುಸುಕನ್ನು ವಿಯಾವ್ಸೊದಲ್ಲಿ ಕೆಂಟೆಯಲ್ಲಿ ಹೊಲಿಯುತ್ತಾರೆ ಎಂದು ಸಹೋದ್ಯೋಗಿಯೊಬ್ಬಳು ಹೇಳಿದಾಗ ಹೋಗಲೇಬೇಕು ಅನ್ನಿಸಿತು. ಕುಮಾಸಿಯ ಒಂದು ಚಿಕ್ಕ ಏಜೆನ್ಸಿ ಒಬ್ಬರಿಗೆ 1,800 ಸೆಡಿ (ಘಾನಾದ ಹಣ) ಕೇಳಿತು. ಕಾರು, ಗೈಡು, ಊಟ, 'ಖರೀದಿಗೆ ಅವಕಾಶ' ಎಲ್ಲ ಸೇರಿ. ಹೆಸರು ಬರೆಯುವುದಿಲ್ಲ, ಜಗಳ ಬೇಡ.

ಹೊರಟದ್ದು ಶನಿವಾರ ಬೆಳಗಿನ ಐದಕ್ಕೆ. ಶನಿವಾರ! ಯೆಹೂದ್ಯರ ಊರಿಗೆ, ಬಟ್ಟೆ ಕೊಳ್ಳಲು. ನನಗೂ ಆಗ ಹೊಳೆಯಲಿಲ್ಲ, ತಪ್ಪು ನನ್ನದೂ ಇದೆ. ಆದರೆ ದುಡ್ಡು ತೆಗೆದುಕೊಂಡು ಕರೆದೊಯ್ಯುವವರಿಗಾದರೂ ಹೊಳೆಯಬೇಕಿತ್ತಲ್ಲ.

ಹೊರಡುವ ಮೊದಲು ಗೈಡು ತನ್ನ ಪರಿಚಯದ ಅಂಗಡಿಯೊಂದರ ಬಾಗಿಲು ತಟ್ಟಿ ತೆರೆಸಿದ. ಆ ಹೊತ್ತಿಗೆ! ಅಲ್ಲಿ ಒಂದು ಮುಸುಕು ತೋರಿಸಿದರು, 350 ಸೆಡಿ. 'ಯಾಜಕರ ವಸ್ತ್ರ, ಕೈಮಗ್ಗದ ಕೆಂಟೆ' ಎಂಬ ಚೀಟಿ ಅಂಟಿಸಿತ್ತು. ನಿದ್ದೆಗಣ್ಣು, ಮಬ್ಬು ಬೆಳಕು. ಕೊಂಡುಬಿಟ್ಟೆ. ಕಾರಿನಲ್ಲಿ ಕೂತು ಬೆಳಕು ಹರಿದ ಮೇಲೆ ತಿರುವಿ ನೋಡಿದರೆ ಒಳಮೈ ಪೂರಾ ಬಿಳಚಿಕೊಂಡಿದೆ. ನೇಯ್ದ ಕೆಂಟೆಗೆ ಬಣ್ಣ ನೂಲಿನಲ್ಲೇ ಇರುತ್ತದೆ, ಎರಡು ಮೈಯಲ್ಲೂ ಕಾಣುತ್ತದೆ. ನಾಲ್ಕು ಅಂಗುಲದಷ್ಟು ಅಗಲದ ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿದಿರುತ್ತಾರೆ. ಇದರಲ್ಲಿ ಕೂಡುಹೊಲಿಗೆಯನ್ನೂ ಅಚ್ಚು ಹಾಕಿಯೇ ತೋರಿಸಿದ್ದರು! ಮಿಲ್ಲಿನ ಪ್ರಿಂಟು. ನನ್ನಂಥವಳೇ ಮೋಸ ಹೋದಳು ಎಂದರೆ ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳುವಂತಿಲ್ಲ. ಇಲ್ಲಿ ಹೇಳಿದ್ದೇನೆ.

ದಾರಿ ಬಿಬಿಯಾನಿಯ ಚಿನ್ನದ ಗಣಿ ದಾಟಿ, ಸೆಫ್ವಿ ಬೆಕ್ವಾಯ್ ಮೇಲೆ ಹಾದು ವಿಯಾವ್ಸೊ ಸೇರುತ್ತದೆ. ಕೋಕೋ ಸೀಮೆ. ಮನೆಗಳ ಮುಂದೆ ಎತ್ತರದ ಚಾಪೆಗಳ ಮೇಲೆ ಕೋಕೋ ಬೀಜ ಒಣಗಿಸಿರುತ್ತಾರೆ, ಹುಳಿ ಹುಳಿ ವಾಸನೆ ಕಾರಿನೊಳಗೂ ಬರುತ್ತದೆ. ಕೆಲವು ಕಡೆ ರಸ್ತೆ ಕೆಟ್ಟಿದೆ, ಮರದ ದಿಮ್ಮಿ ಹೊತ್ತ ಲಾರಿಗಳು ಎದುರಾಗುತ್ತವೆ. ಡ್ರೈವರು ಅಷ್ಟನ್ನೂ ಒಂದು ಮಾತಿಲ್ಲದೆ, ಒಂದು ಕುಲುಕಾಟವಿಲ್ಲದೆ ದಾಟಿಸಿದ. ಆ ಒಂದು ನಕ್ಷತ್ರ ಅದಕ್ಕೇ.

ಗೈಡಿನ ಬಾಯಿ ಮಾತ್ರ ನಿಲ್ಲಲಿಲ್ಲ. "ಡಿಎನ್ಎ ಪರೀಕ್ಷೆ ಆಗಿದೆ ಮ್ಯಾಡಮ್, ನೂರಕ್ಕೆ ನೂರು. ಈ ಸೆಫ್ವಿ ಜನ ಆರೋನನ ಯಾಜಕ ವಂಶದವರು. ಒಡಂಬಡಿಕೆಯ ಮಂಜೂಷವೂ ಇವರದ್ದೇ, ಈಗ ಮ್ಯೂಸಿಯಮ್ಮಿನಲ್ಲಿದೆ." (ಆರೋನ ಬೈಬಲಿನ ಮೋಶೆಯ ಅಣ್ಣ, ಮೊದಲ ಮಹಾಯಾಜಕ. ಮಂಜೂಷ ಎಂದರೆ ದೇವರ ಆಜ್ಞೆಯ ಕಲ್ಲುಹಲಗೆ ಇಟ್ಟಿದ್ದ ಪವಿತ್ರ ಪೆಟ್ಟಿಗೆ.)

ಇದು ಯಾರದೋ ಮನೆಯ ಫೋಟೋ ತಂದು ಇನ್ಯಾರದೋ ಗೋಡೆಗೆ ಮೊಳೆ ಹೊಡೆದ ಹಾಗೆ. ಆ ಡಿಎನ್ಎ ಕಥೆ ಜಿಂಬಾಬ್ವೆ ಮತ್ತು ದಕ್ಷಿಣ ಆಫ್ರಿಕಾದ ಲೆಂಬಾ ಜನರದ್ದು, ಖಂಡದ ಇನ್ನೊಂದು ಕೊನೆ. ಯೆಹೂದ್ಯರಲ್ಲಿ ಯಾಜಕತನ ಅಪ್ಪನಿಂದ ಮಗನಿಗೆ ಇಳಿಯುತ್ತದೆ, ವೈ ಕ್ರೋಮೋಸೋಮೂ ಹಾಗೇ ಇಳಿಯುತ್ತದೆ. ಅದಕ್ಕೇ 1997ರಲ್ಲಿ ವಿಜ್ಞಾನಿಗಳು ಕೋಹೆನ್ ಎಂಬ ಯಾಜಕ ಮನೆತನದ ಗಂಡಸರನ್ನು ಪರೀಕ್ಷಿಸಿ, ಅವರಲ್ಲಿ ಹೆಚ್ಚಾಗಿ ಕಾಣುವ ಗುರುತುಗಳನ್ನು ಹುಡುಕತೊಡಗಿದ್ದು. 2000ದಲ್ಲಿ ಲೆಂಬಾ ಜನರನ್ನೂ ಪರೀಕ್ಷಿಸಿದಾಗ, ಮೂಲಸ್ಥಾನದಿಂದ ತಮ್ಮ ಜನರನ್ನು ಕರೆತಂದವರು ತಾವೇ ಎನ್ನುವ ಬೂಬಾ ಕುಲದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ಗುರುತು ಸಿಕ್ಕಿತು. ಒಟ್ಟು ಲೆಂಬಾ ಗಂಡಸರನ್ನು ತೆಗೆದುಕೊಂಡರೆ ಹತ್ತರಲ್ಲಿ ಒಬ್ಬರಿಗೂ ಇರಲಿಲ್ಲ. 2013ರ ಇನ್ನೊಂದು ಅಧ್ಯಯನ, ಪಶ್ಚಿಮ ಏಷ್ಯಾದ ಗಂಡಸರ ರಕ್ತ ಇದೆ ನಿಜ, ಆದರೆ ಅವರು ಯೆಹೂದ್ಯರೇ ಎನ್ನಲು ಬರುವುದಿಲ್ಲ ಎಂದಿತು. ಗೈಡು ಮಂಜೂಷ ಅಂದದ್ದೂ ಲೆಂಬಾ ಜನರದೇ. ಎಂಗೋಮ ಲುಂಗುಂಡು ಎಂಬ ಪವಿತ್ರ ನಗಾರಿ, ನೆಲಕ್ಕೆ ತಾಗಿಸದೆ ಹೊತ್ತು ತಂದದ್ದು ಎನ್ನುತ್ತಾರೆ. 2010ರಲ್ಲಿ ಹರಾರೆಯ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟರು. ಕಾರ್ಬನ್ ಪರೀಕ್ಷೆಯಲ್ಲಿ ಮರದ ವಯಸ್ಸು ಸುಮಾರು ಕ್ರಿ.ಶ. 1350ಕ್ಕೆ ಬಂತು. ಮೋಶೆಯ ಕಾಲದ್ದಲ್ಲ, ಆದರೂ ಆರೂವರೆ ನೂರು ವರ್ಷದ ಮರದ ವಾದ್ಯ ಉಳಿದಿರುವುದು ಸಣ್ಣ ಮಾತೇ?

ಇಷ್ಟನ್ನೂ ಗೈಡಿಗೆ ಹೇಳಿದೆ. "ಎಲ್ಲ ಒಂದೇ ಮ್ಯಾಡಮ್, ಆಫ್ರಿಕಾ" ಅಂದ! ಘಾನಾದವನೇ ಹೀಗೆ ಅಂದರೆ ನಾನೇನು ಹೇಳಲಿ?

ಸೆಫ್ವಿಯ ನಿಜವಾದ ಕಥೆಯಲ್ಲಿ ರಕ್ತದ ಮಾತೇ ಮುಂದೆ ಬರುವುದಿಲ್ಲ. 1976ರಲ್ಲಿ ಆರನ್ ಅಹೊಮ್ಟ್ರೆ ಟೊವಾಕ್ಯಿರಾಫಾ ಎಂಬವರಿಗೆ ಒಂದು ದರ್ಶನವಾಯಿತು: ಸೆಫ್ವಿ ಜನ ಇಸ್ರಾಯೇಲಿನ ಕಳೆದುಹೋದ ಕುಲದವರು, ಹಳೆಯ ದಾರಿಗೆ ಮರಳಬೇಕು ಎಂದು. ಕ್ರೈಸ್ತ ಮಿಷನರಿಗಳು ಬರುವ ಮೊದಲೇ ನಮ್ಮ ಹಿರಿಯರು ಶನಿವಾರ ದುಡಿಯುತ್ತಿರಲಿಲ್ಲ, ಹಂದಿ ತಿನ್ನುತ್ತಿರಲಿಲ್ಲ, ಗಂಡುಮಕ್ಕಳಿಗೆ ಸುನ್ನತಿ ಮಾಡಿಸುತ್ತಿದ್ದರು, ಮುಟ್ಟಾದ ಹೆಂಗಸರು ಬೇರೆ ಇರುತ್ತಿದ್ದರು ಎಂದು ಈ ಸಮುದಾಯದವರು ಹೇಳುತ್ತಾರೆ. ಆಚಾರ ಮೊದಲೇ ಇತ್ತು, ಅದರ ಅರ್ಥ ಯಾವುದು ಎಂದು ದರ್ಶನ ತಿಳಿಸಿತು ಎಂಬುದು ಅವರ ಎಣಿಕೆ. 1993ರಲ್ಲಿ ನಾಯಕತ್ವ ವಹಿಸಿಕೊಂಡ ಡೇವಿಡ್ ಅಹೆಂಕೊರಾ ಅವರಿಗೂ ತಮ್ಮದೇ ಒಂದು ದರ್ಶನವಾಗಿತ್ತು. ಲೆಂಬಾ ಜನರಲ್ಲಿ ಹಿರಿತನ ಕುಲದಿಂದ ಬಂದರೆ ಇಲ್ಲಿ ಕರೆಯಿಂದ ಬಂತು. ಮೊದಲನೆಯವರ ಹೆಸರು ಆರನ್, ಅಂದರೆ ಮಹಾಯಾಜಕ ಆರೋನನ ಹೆಸರೇ ಎಂಬುದನ್ನು ಹಿಡಿದು ಗೈಡು ವಂಶಾವಳಿ ಹೆಣೆದಿರಬೇಕು ಎಂದು ನನ್ನ ಗುಮಾನಿ.

"ಇಲ್ಲಿ ಎಲ್ಲರಿಗೂ ಕನಸು ಬೀಳುತ್ತದೆ, ಮರುದಿನ ಒಂದು ಚರ್ಚು" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಈನಾಕ್ ಎಂಗಿಜಿಮಾ ಎಂಬವರು ದರ್ಶನ ಕಂಡು, ತಮ್ಮ ಹಿಂಬಾಲಕರನ್ನು ಇಸ್ರಾಯೇಲ್ಯರೆಂದು ಕರೆದು, ಲೋಕದ ಅಂತ್ಯ ಕಾಯಲು ಎನ್ಟಬೆಲಾಂಗದಲ್ಲಿ ಸೇರಿಸಿದರು. ಜಾಗ ಬಿಡಲು ಒಪ್ಪದಿದ್ದಾಗ, 1921ರ ಮೇ 24ರಂದು, ಸರ್ಕಾರದ ಗುಂಡಿಗೆ 160ಕ್ಕೂ ಹೆಚ್ಚು ಜನ ಬಲಿಯಾದರು. ದರ್ಶನವನ್ನು ನಂಬುವುದು ಬಿಡುವುದು ನಮ್ಮಿಷ್ಟ. ಕಾರಿನಲ್ಲಿ ಹೊತ್ತು ಕಳೆಯಲು ತಮಾಷೆಯ ಸರಕು ಮಾಡಬೇಡಿ, ಅಷ್ಟೇ.

ಒಂಬತ್ತರ ಹೊತ್ತಿಗೆ ವಿಯಾವ್ಸೊ ಹೊರವಲಯದ ನ್ಯೂ ಅಡಿಯೆಂಬ್ರಾ ಸೇರಿದೆವು. ಸಭಾಮಂದಿರ 1998ರದ್ದು, ನೀಲಿ ಬಿಳಿ ಬಣ್ಣ, ನಮ್ಮ ಪ್ರೈಮರಿ ಸ್ಕೂಲಿನ ಒಂದು ಕೋಣೆಯಷ್ಟು ಇರಬಹುದು. ಪ್ರಾರ್ಥನೆ ನಡೆದಿತ್ತು. ಹೀಬ್ರೂ ಸಾಲುಗಳ ನಡುವೆ ಅವರದೇ ನುಡಿಯ ಹಾಡು ಬಂದಾಗ ಸದ್ದು ದುಪ್ಪಟ್ಟಾಯಿತು, ಮಕ್ಕಳ ದನಿ ಎಲ್ಲರಿಗಿಂತ ಮೇಲೆ. ಗೈಡು ಫೋನು ತೆಗೆದು ಫೋಟೋಗೆ ಹಿಡಿದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಏನೂ ಹೇಳದೆ ಫೋನಿನ ಮೇಲೆ ಅಂಗೈ ಇಟ್ಟರು. ಹಾಗೇ ಇಟ್ಟುಕೊಂಡೇ ಹಾಡು ಮುಂದುವರಿಸಿದರು.

ಪ್ರಾರ್ಥನೆ ಮುಗಿದ ಮೇಲೆ ನಾನು ಮುಸುಕಿನ ಬಗ್ಗೆ ಕೇಳಿದೆ. ಒಬ್ಬ ಹೆಂಗಸು, ನನ್ನಮ್ಮನ ವಯಸ್ಸಿನವರು, ನಗುತ್ತಾ "ಸಿಸ್ಟರ್, ಇವತ್ತು ಸಬ್ಬತ್" ಎಂದರು. ಮಾರುವುದಿಲ್ಲ, ದುಡ್ಡು ಮುಟ್ಟುವುದಿಲ್ಲ, ಒಲೆ ಹಚ್ಚುವುದಿಲ್ಲ. ಶುಕ್ರವಾರವೇ ಮಾಡಿಟ್ಟ ಅನ್ನ, ಮೀನಿನ ಸಾರು ಬಡಿಸಿದರು. ಪ್ಯಾಕೇಜಿನ ಊಟ ಇದೇ ಎಂದು ಗೈಡು ಸನ್ನೆ ಮಾಡಿದ. ಅವರಿಗೆ ಇವನು ಒಂದು ಪೆಸೆವಾ (ಇಲ್ಲಿಯ ಪೈಸೆ) ಕೊಟ್ಟಿರಲಿಲ್ಲ, ಅದು ಅವರ ಮನೆಯ ಊಟ. ಎರಡು ಗಂಟೆಗೆ ಹೊರಡಬೇಕು, ಇಲ್ಲದಿದ್ದರೆ ಕಾಯುವ ಚಾರ್ಜು ಬೇರೆ ಎಂದ. ಹೋಗಪ್ಪ, ನಾನು ನಾಳೆ ಬರುತ್ತೇನೆ ಎಂದೆ. ಡ್ರೈವರು ನನ್ನ ಚೀಲ ಇಳಿಸಿಕೊಟ್ಟು, ಟ್ರೊಟ್ರೊ ಎಂಬ ಬಾಡಿಗೆ ವ್ಯಾನು ಎಲ್ಲಿ ಸಿಗುತ್ತದೆ ಎಂದು ಕೈಮಾಡಿ ತೋರಿಸಿ ಹೋದ. ಪೇಟೆಯಲ್ಲಿ 180 ಸೆಡಿಗೆ ರೂಮು ಸಿಕ್ಕಿತು. ಫ್ಯಾನು ಇತ್ತು, ಕರೆಂಟು ಇರಲಿಲ್ಲ.

ಭಾನುವಾರ ಬೆಳಗ್ಗೆ ಅದೇ ಅಮ್ಮನ ಮನೆ. ಹೊಲಿಗೆ ಮೆಷಿನ್ನು ಬಾಗಿಲ ಹತ್ತಿರ, ಕಾಲಲ್ಲಿ ತುಳಿಯುವಂಥದ್ದು. ಮೊದಲು ನಾನು ಕುಮಾಸಿಯ ಮುಸುಕು ತೋರಿಸಿದೆ. ಅವರು ಒಂದು ಕ್ಷಣ ತಿರುವಿ ನೋಡಿ, ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಕಿತ್ತು ನನ್ನ ಕೈಗೇ ಕೊಟ್ಟರು. ಆಮೇಲೆ ತಮ್ಮದು ಹರಡಿದರು. ಐದು ಇದ್ದವು. ನಾನು ಆರಿಸಿದ್ದು ನೀಲಿ, ಹಳದಿ, ಕಪ್ಪು ಪಟ್ಟಿಯದು, 260 ಸೆಡಿ. ಚೌಕಾಶಿ ಮಾಡಲಿಲ್ಲ. ಮಾಡಲು ಮನಸ್ಸೂ ಬರಲಿಲ್ಲ. ದುಡ್ಡು ಮೊಮೊದಲ್ಲಿ, ಅಂದರೆ ಮೊಬೈಲ್ ಮೂಲಕ, ಕಳಿಸಿದೆ, ನೆಟ್‌ವರ್ಕಿಗಾಗಿ ಮನೆಯ ಹಿಂದಿನ ದಿಬ್ಬ ಹತ್ತಬೇಕಾಯಿತು.

ಈಗ ಬಟ್ಟೆ. ಟೇಪು ಹಿಡಿದರೆ ಇಪ್ಪತ್ತು ಅಂಗುಲಕ್ಕೆ ಹದಿನಾರು. ನಾಲ್ಕು ಪಟ್ಟಿ, ನಿಜವಾದ ಕೈನೇಯ್ಗೆ. ಹೊಕ್ಕು ಎಷ್ಟು ಒತ್ತಾಗಿದೆ ಎಂದರೆ ಬಣ್ಣದ ಚೌಕಗಳಲ್ಲಿ ಹಾಸು ಕಾಣುವುದೇ ಇಲ್ಲ. ಪಟ್ಟಿಗಳ ಚೌಕಗಳು ಒಂದರ ಪಕ್ಕ ಒಂದು ಸರಿಯಾಗಿ ಕೂತಿವೆ, ಒಂದು ಕಡೆ ಮಾತ್ರ ಎರಡು ಎಳೆಯಷ್ಟು ಜಾರಿದೆ. ಫ್ಯಾಕ್ಟರಿಯಲ್ಲಾದರೆ ನಾನು ಕೆಂಪು ಸ್ಟಿಕ್ಕರ್ ಹಚ್ಚುತ್ತಿದ್ದೆ, ಇಲ್ಲಿ ಹಚ್ಚಲಾರೆ. ಅಂಗುಲಕ್ಕೆ ಒಂಬತ್ತು ಹೊಲಿಗೆ, ಮೂಲೆಗಳನ್ನು ಮಡಚಿ ಎರಡು ಸಲ ಹೊಲಿದಿದ್ದಾರೆ. ನಡುವೆ 'ಸಬ್ಬತ್' ಎಂದು ಮೂರು ಹೀಬ್ರೂ ಅಕ್ಷರಗಳ ಕಸೂತಿ, ಬಲದಿಂದ ಎಡಕ್ಕೆ. ಒದ್ದೆ ಬಿಳಿ ಅರಿವೆಯಿಂದ ಇಪ್ಪತ್ತು ಸಲ ಉಜ್ಜಿದೆ, ಕಪ್ಪು ತುಸು ಬಿಟ್ಟಿತು, ಉಳಿದದ್ದು ಇಲ್ಲ. ಅರ್ಧ ನಕ್ಷತ್ರ ಕಳೆದದ್ದು ಆ ಕಪ್ಪಿಗೆ. ಕುಮಾಸಿಯದನ್ನು ಉಜ್ಜಿದಾಗ ಅರಿವೆಯೇ ಕೆಂಟೆಯಾಯಿತು.

ನೇಯ್ದದ್ದು ನೀವೇನಾ ಎಂದು ಕೇಳಿದೆ. ಅಲ್ಲ, ಪಟ್ಟಿ ನೇಕಾರರ ಹತ್ತಿರ ತರಿಸುತ್ತೇವೆ, ಕೂಡಿಸಿ ಹೊಲಿಯುವುದು, ಅಕ್ಷರ ಹಾಕುವುದು ನಮ್ಮದು ಎಂದರು. ಪ್ರಾಚೀನ, ಯಾಜಕ, ವಂಶ ಎಂಬ ಮಾತು ಒಂದೂ ಬರಲಿಲ್ಲ. ಇಲ್ಲಿಯ ಮುಸುಕುಗಳು ಅಮೆರಿಕದ ಕುಲಾನು ಸಂಸ್ಥೆಯ ಮೂಲಕ ಹೊರದೇಶಕ್ಕೂ ಹೋಗಿವೆ, ಬೆಲೆ ಅವರಿಗೆ ಚೆನ್ನಾಗಿಯೇ ಗೊತ್ತು. ಆದರೂ ನನಗೆ ಹೇಳಿದ್ದು ಅದೇ 260.

ರೊಟ್ಟಿಗೆ ಮುಸುಕು ಏಕೆ ಎಂಬುದನ್ನೂ ಅವರೇ ಹೇಳಿದರು. ಸಬ್ಬತ್ತಿನ ಮೇಜಿನ ಮೇಲೆ ಎರಡು ರೊಟ್ಟಿ, ಮರುಭೂಮಿಯಲ್ಲಿ ದೇವರು ಆಕಾಶದಿಂದ ಕೊಟ್ಟ ಮನ್ನ ಎಂಬ ಆಹಾರ ಶುಕ್ರವಾರ ಎರಡು ಪಾಲು ಬೀಳುತ್ತಿದ್ದ ನೆನಪಿಗೆ. ಆದರೆ ಮೊದಲ ಸ್ತೋತ್ರ ದ್ರಾಕ್ಷಾರಸಕ್ಕೆ. ರೊಟ್ಟಿ ಎದುರಿಗೇ ಇದ್ದೂ ತನ್ನ ಸರದಿ ತಪ್ಪಿತೆಂದು ನೊಂದುಕೊಳ್ಳಬಾರದು, ಅದಕ್ಕೆ ಮುಚ್ಚಿಡುವುದು. "ರೊಟ್ಟಿಗೂ ಮುಖ ಇದೆ ಸಿಸ್ಟರ್" ಎಂದರು. ಟ್ರೊಟ್ರೊದಲ್ಲಿ ಕೋಳಿಬುಟ್ಟಿಯ ಪಕ್ಕ ಕೂತು ಕುಮಾಸಿಗೆ ಬರುವಾಗ ಪೂರಾ ಅದೇ ಮಾತು ತಲೆಯಲ್ಲಿ.

ಹೋಗುವವರಿಗೆ: ಭಾನುವಾರದಿಂದ ಗುರುವಾರದೊಳಗೆ ಹೋಗಿ. ಮೊದಲೇ ಹೇಳಿ ಕಳಿಸಿ. ಪ್ರಾರ್ಥನೆ ನೋಡಲೇಬೇಕೆಂದರೆ ಶುಕ್ರವಾರ ಸಂಜೆಯೊಳಗೆ ಸೇರಿ ಭಾನುವಾರದವರೆಗೆ ಉಳಿಯಿರಿ, ಫೋನು ಚೀಲದಲ್ಲಿರಲಿ. ಚಿಲ್ಲರೆ ನೋಟು ಒಯ್ಯಿರಿ, ಮೊಮೊ ನಂಬಬೇಡಿ. ಬಟ್ಟೆಯನ್ನು ತಣ್ಣೀರಲ್ಲಿ, ಬೇರೆಯಾಗಿ, ನೆನೆಹಾಕದೆ ಒಗೆಯಿರಿ, ನೆರಳಲ್ಲಿ ಒಣಗಿಸಿ.

ಏಜೆನ್ಸಿಗೆ ಫೋನು ಮಾಡಿ ಪ್ರಿಂಟಿನ 350 ಸೆಡಿ ವಾಪಸು ಕೇಳಿದೆ. ದುಡ್ಡು ಕೊಡಲಾಗುವುದಿಲ್ಲ ಮ್ಯಾಡಮ್, ಅದರ ಬದಲು ಇದೇ ಪ್ರವಾಸಕ್ಕೆ ಇನ್ನೊಮ್ಮೆ ಬಂದರೆ ಶೇಕಡಾ ಹತ್ತು ರಿಯಾಯಿತಿ ಎಂದರು. ಯಾವ ವಾರ ಹೊರಡುತ್ತೀರಿ ಎಂದು ಕೇಳಿದೆ. ಶನಿವಾರವಂತೆ.