ಹೇಗ್‌ನ ಮೌರಿಟ್ಸ್‌ಹೌಸ್‌ಗೆ ಒಂದು ಬೆಳಗ್ಗೆ ಇಟ್ಟುಕೊಳ್ಳಿ

ಯೂರೋಪಿಗೆ ಹೊರಟವರು ಚಿತ್ರ ನೋಡಲು ಎಲ್ಲಿಗೆ ಹೋಗೋಣ ಅಂತ ಕೇಳಿದರೆ ನಾನು ಮೊದಲು ಹೇಳುವುದು ನೆದರ್ಲೆಂಡ್ಸ್‌ನ ಹೇಗ್ ಊರಿನ ಮೌರಿಟ್ಸ್‌ಹೌಸ್ ಎಂಬ ಚಿತ್ರಗಳ ಮ್ಯೂಸಿಯಂ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವಳು ನಾನು. ಮಕ್ಕಳಿಗೆ ಪುಸ್ತಕದಲ್ಲಿ ತೋರಿಸುತ್ತಿದ್ದ ಎಷ್ಟೋ ಚಿತ್ರಗಳು ಇಲ್ಲಿ ಒಂದೇ ಮನೆಯಲ್ಲಿವೆ. ಒಟ್ಟು 16 ಕೋಣೆ, ಎರಡು ಮಹಡಿ. ಕಾಲು ಸೋಲುವ ಮೊದಲೇ ಎಲ್ಲವನ್ನೂ ನೋಡಿ, ಇಷ್ಟವಾದದ್ದರ ಮುಂದೆ ಮತ್ತೆ ಬಂದು ನಿಲ್ಲಬಹುದು. ದೊಡ್ಡ ಮ್ಯೂಸಿಯಂಗಳಲ್ಲಿ ಇದು ಆಗುವುದಿಲ್ಲ.

ಆಮ್‌ಸ್ಟರ್‌ಡ್ಯಾಂನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಹೇಗ್ ಸೆಂಟ್ರಲ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಪಾರ್ಲಿಮೆಂಟ್ ಕಟ್ಟಡಗಳ ಪಕ್ಕ, ಕೊಳದ ದಡದಲ್ಲಿದೆ. ಡಚ್ಚರು ಹಿಡಿದಿದ್ದ ಬ್ರೆಜಿಲ್ ಭಾಗಕ್ಕೆ ಗವರ್ನರ್ ಆಗಿದ್ದ ಯೋಹಾನ್ ಮೌರಿಟ್ಸ್ 17ನೇ ಶತಮಾನದಲ್ಲಿ ಕಟ್ಟಿಸಿದ ಮನೆ ಇದು. 1822ರಿಂದ ಮ್ಯೂಸಿಯಂ. ಅವನಿಗೆ ಹಣ ತಂದ ಬ್ರೆಜಿಲ್‌ನ ಸಕ್ಕರೆಯ ಹಿಂದೆ ಗುಲಾಮರ ದುಡಿಮೆ ಇತ್ತು. ಮ್ಯೂಸಿಯಂನವರು ಅದನ್ನು ಮುಚ್ಚಿಡದೆ ಹೇಳಿದ್ದಾರೆ. ಅದನ್ನು ಓದಿಕೊಂಡೇ ಮುಂದೆ ಹೋಗಿ.

ಬಾಗಿಲು ತೆಗೆದ ಕೂಡಲೇ ನೇರ ಮೇಲಿನ ಮಹಡಿಗೆ ಹತ್ತಿ. 'ಮುತ್ತಿನ ಓಲೆಯ ಹುಡುಗಿ' ಚಿತ್ರ ಇರುವುದು ಅಲ್ಲೇ. ಕೋಣೆ ಚಿಕ್ಕದು, ಹೊತ್ತು ಏರಿದ ಹಾಗೆ ಮುಂದೆ ಮೊಬೈಲುಗಳೇ ಜಾಸ್ತಿ ಕಾಣುತ್ತವೆ. ಡಚ್ ಚಿತ್ರಕಾರ ಯೋಹಾನೆಸ್ ವರ್ಮೀರ್ ಸುಮಾರು 1665ರಲ್ಲಿ ಬರೆದ ಈ ಚಿತ್ರ 1881ರ ಹರಾಜಿನಲ್ಲಿ 2 ಗಿಲ್ಡರ್ (ಆಗಿನ ಡಚ್ ಹಣ) 30 ಸೆಂಟಿಗೆ ಹೋಯಿತಂತೆ! ಹತ್ತಿರ ನಿಂತು ಆ ಮುತ್ತನ್ನೇ ನೋಡಿ. ಅಂಚಿನ ಗೆರೆ ಇಲ್ಲ, ಕಿವಿಗೆ ಸಿಕ್ಕಿಸುವ ಕೊಕ್ಕೆಯೂ ಇಲ್ಲ. ಮೇಲೆ ಬಿಳಿಯ ಒಂದು ದಪ್ಪ ಚುಕ್ಕೆ, ಕೆಳಗೆ ಅವಳ ಬಿಳಿ ಕಾಲರಿನ ಮಸುಕು ಪ್ರತಿಬಿಂಬ. ಅಷ್ಟೇ. ಉಳಿದ ಮುತ್ತನ್ನು ಪೂರ್ತಿ ಮಾಡುವುದು ನಮ್ಮ ಕಣ್ಣು. ತಲೆಗೆ ಸುತ್ತಿದ ಬಟ್ಟೆಯ ನೀಲಿ, ಅಫ್ಘಾನಿಸ್ತಾನದ ಕಲ್ಲನ್ನು ಅರೆದು ಮಾಡಿದ ಬಣ್ಣ. ಹಿಂದಿನ ಕಪ್ಪು ಮೊದಲು ಕಪ್ಪಾಗಿರಲಿಲ್ಲ. ಅಲ್ಲಿ ಹಸಿರು ಪರದೆ ಇತ್ತು, ಬಣ್ಣ ಮಾಸಿ ಹೋಗಿದೆ ಅಂತ 2018ರಲ್ಲಿ ಶುರುವಾದ ಪರೀಕ್ಷೆಯಲ್ಲಿ ಗೊತ್ತಾಯಿತು. ಬರಿಗಣ್ಣಿಗೆ ಕಾಣದ ರೆಪ್ಪೆಗೂದಲೂ ಆಗ ಕಂಡಿತು.

ನನ್ನನ್ನು ಕೇಳಿದರೆ ಇದಕ್ಕಿಂತ ಮಿಗಿಲಾದ ಚಿತ್ರ ಅದೇ ಕೋಣೆಯಲ್ಲಿದೆ. ವರ್ಮೀರನದೇ, ಅವನ ಊರು ಡೆಲ್ಫ್ಟ್‌ನ ಚಿತ್ರ, 'ಡೆಲ್ಫ್ಟ್ ನೋಟ'. ಜನ ಹುಡುಗಿಯ ಕಡೆ ತಿರುಗಿ ಇದಕ್ಕೆ ಬೆನ್ನು ಹಾಕಿರುತ್ತಾರೆ. ಸಂಕಟ ಆಗುತ್ತದೆ! ಮುಂದಿನ ಕಾಣುವ ಭಾಗಕ್ಕೆ ಬೆಳಕು ಕೊಡಿ, ಹಿಂದಿನದನ್ನು ಮಸುಕು ಮಾಡಿ ಅಂತ ನಾವು ಮಕ್ಕಳಿಗೆ ಕಲಿಸುತ್ತೇವೆ. ವರ್ಮೀರ್ ಇಲ್ಲಿ ಉಲ್ಟಾ ಮಾಡಿದ್ದಾನೆ. ನೀರಿನ ಅಂಚಿನ ಕೋಟೆ ಬಾಗಿಲು, ಗೋಡೆ ಎಲ್ಲಾ ಮೋಡದ ನೆರಳಲ್ಲಿವೆ. ಬಿಸಿಲು ಬಿದ್ದಿರುವುದು ಹಿಂದೆ, ಊರಿನ ಒಳಗೆ, ಹೊಸ ಚರ್ಚಿನ ಗೋಪುರದ ಮೇಲೆ. ಹಾಗಾಗಿ ಕಣ್ಣು ನೀರು ದಾಟಿ ಊರೊಳಗೆ ಹೋಗಿಬಿಡುತ್ತದೆ. ಚಿತ್ರದ ಅರ್ಧಕ್ಕಿಂತ ಜಾಸ್ತಿ ಬರೀ ಆಕಾಶ. ಎಡಗಡೆ ಕೆಂಪು ಹೆಂಚುಗಳ ಮೇಲೆ ಬಣ್ಣ ಮರಳು ಹಾಕಿದ ಹಾಗೆ ಒರಟಾಗಿದೆ. ಇದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ, ಪಕ್ಕದಿಂದ ಓರೆಯಾಗಿ ನೋಡಬೇಕು.

ಪೌಲುಸ್ ಪೊಟರ್ 1647ರಲ್ಲಿ ಬರೆದ ಹೋರಿಯ ಚಿತ್ರವನ್ನು ನಮ್ಮ ಯಜಮಾನರು ಬಿಟ್ಟು ಕದಲಲಿಲ್ಲ. ಅವರದು ದನ ಸಾಕಿದ ಮನೆ. ಹೋರಿ ನಿಜವಾದ ಹೋರಿಯಷ್ಟೇ ದೊಡ್ಡದು, ಬೆನ್ನ ಸುತ್ತ ನೊಣ, ಪಕ್ಕದಲ್ಲಿ ಸಗಣಿ. ನೋಡಿ ನೋಡಿ, "ಇದರ ಕೊಂಬಿನ ವಯಸ್ಸಿಗೂ ಮೈಯ ವಯಸ್ಸಿಗೂ ತಾಳೆ ಆಗಲ್ಲ ಕಣೇ" ಅಂದರು. ಬೇರೆ ಬೇರೆ ವಯಸ್ಸಿನ ದನಗಳನ್ನು ಸೇರಿಸಿ ಬರೆದ ಹೋರಿ ಇದು ಅಂತ ತಜ್ಞರೂ ಹೇಳುತ್ತಾರೆ. ಆಗ ಪೊಟರನಿಗೆ ಇಪ್ಪತ್ತರ ಆಸುಪಾಸು ವಯಸ್ಸು.

ರೆಂಬ್ರಾಂಟ್‌ನ 'ಡಾಕ್ಟರ್ ಟುಲ್ಪ್‌ರ ಅಂಗರಚನೆ ಪಾಠ' ಎಲ್ಲರೂ ನೋಡುತ್ತಾರೆ, ಹೇಳಬೇಕಿಲ್ಲ. ಕಾರೆಲ್ ಫಾಬ್ರಿಟಿಯಸ್‌ನ ಪುಟ್ಟ ಹಕ್ಕಿಯನ್ನು ಮಾತ್ರ ತಪ್ಪಿಸಬೇಡಿ. ನೋಟ್‌ಬುಕ್ ಹಾಳೆಗಿಂತ ಸ್ವಲ್ಪ ದೊಡ್ಡ ಚಿತ್ರ, ಹಕ್ಕಿಯ ಕಾಲಿಗೆ ತೆಳು ಸರಪಳಿ. ರೆಕ್ಕೆಯ ಹಳದಿ ಗೆರೆಯನ್ನು ನೋಡಿ. 1654ರಲ್ಲಿ ಇದನ್ನು ಬರೆದ ಫಾಬ್ರಿಟಿಯಸ್ ಅದೇ ವರ್ಷ ಡೆಲ್ಫ್ಟ್‌ನ ಸಿಡಿಮದ್ದಿನ ಉಗ್ರಾಣ ಸಿಡಿದಾಗ ತೀರಿಕೊಂಡ. 32 ವರ್ಷ ಅಷ್ಟೇ.

ಟಿಕೆಟ್ಟು 20 ಯೂರೋ ಆಸುಪಾಸು, ದುಬಾರಿಯೇ. ಆದರೆ 18 ವರ್ಷದವರೆಗಿನ ಮಕ್ಕಳಿಗೆ ಉಚಿತ. ಹೋಗುವ ಮುಂಚೆ ಚಿತ್ರಗಳು ಊರಲ್ಲಿವೆಯಾ ಅಂತ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. 2023ರಲ್ಲಿ ಆಮ್‌ಸ್ಟರ್‌ಡ್ಯಾಂನ ರೈಕ್ಸ್‌ಮ್ಯೂಸಿಯಂ 28 ವರ್ಮೀರ್ ಚಿತ್ರಗಳನ್ನು ಒಟ್ಟಿಗೆ ಇಟ್ಟಾಗ ಈ ಹುಡುಗಿಯೂ ಸ್ವಲ್ಪ ಕಾಲ ಅಲ್ಲಿಗೆ ಹೋಗಿದ್ದಳು.

ಮಧ್ಯಾಹ್ನ ಊಟ ಮುಗಿಸಿ 1ನೇ ನಂಬರ್ ಟ್ರಾಂ ಹತ್ತಿ ಡೆಲ್ಫ್ಟ್‌ಗೇ ಹೋಗಿಬಿಡಿ. ವರ್ಮೀರ್ ನೋಡಿದ ಜಾಗ ಊರಿನ ತೆಂಕಣ ದಿಕ್ಕಿನಲ್ಲಿ ನೀರಿನ ಪಕ್ಕದಲ್ಲಿದೆ. ಚಿತ್ರದಲ್ಲಿರುವ ಎರಡು ಕೋಟೆ ಬಾಗಿಲು ಈಗಿಲ್ಲ, ಹೊಸ ಚರ್ಚಿನ ಗೋಪುರ ಇದೆ. ವರ್ಮೀರನನ್ನು ಮಣ್ಣು ಮಾಡಿದ್ದು ಹಳೆ ಚರ್ಚಿನಲ್ಲಿ. ಅಲ್ಲಿಗೆ ಟಿಕೆಟ್ ಬೇರೆ ತೆಗೆದುಕೊಳ್ಳಬೇಕು. ಚರ್ಚು ಬೇಗ ಮುಚ್ಚುತ್ತಾರೆ, ಆದ್ದರಿಂದ ಮೊದಲು ಅಲ್ಲಿಗೆ ಹೋಗಿ ಆಮೇಲೆ ನೀರಿನ ಕಡೆ ಬನ್ನಿ.