ಮೋರಾ 120 ಕೆತ್ತನೆ ಚಾಕು: ಚಳಿಗಾಲದ ಮರಗೆಲಸಕ್ಕೆ ಇದೊಂದು ಸಾಕು

ಮೊದಲೇ ಹೇಳ್ಬಿಡ್ತೀನಿ, ಹಳ್ಳಿ ಮನೇಲಿ ಚಳಿಗಾಲ ಕಳೀತಾ ಸುಮ್ನೆ ಒಂದಿಷ್ಟು ಮರಗೆಲಸ ಮಾಡ್ಬೇಕು ಅನ್ನೋ ಆಸೆ ಇರೋರು ಟೇಬಲ್ ಸಾ, ರೌಟರ್ ಅಂತ ಮರ ಕೊಯ್ಯೋ, ಕೊರೆಯೋ ಮೆಷಿನ್‌ಗಳನ್ನ ಹುಡುಕಿಕೊಂಡು ಹೋಗ್ಬೇಡಿ, ಒಂದು ಒಳ್ಳೆ ಕೆತ್ತನೆ ಚಾಕು ತಗೊಳ್ಳಿ. ನನ್ನ ಓಟು ಸ್ವೀಡನ್ನಿನ ಮೋರಾಕ್ನಿವ್ ಕಂಪನಿಯ ಪುಟ್ಟ ಚಾಕು ಮೋರಾ 120ಕ್ಕೆ.

ಯಾಕಂದ್ರೆ ಚಳಿಗಾಲದಲ್ಲಿ ಶೆಡ್ಡಲ್ಲಿ ನಿಂತು ಕೆಲಸ ಮಾಡೋದು ಕೇಳೋಕಷ್ಟೇ ಚೆಂದ. ಬೆರಳು ಮರಗಟ್ಟಿರತ್ತೆ, ಕಬ್ಬಿಣದ ಸಾಮಾನು ಮುಟ್ಟಿದ್ರೆ ಚುರ್ ಅನ್ನತ್ತೆ, ಮರ ಅಂಟಿಸೋ ಬಿಳಿ ಅಂಟಂತೂ ಸುಮಾರು 10 ಡಿಗ್ರಿಗಿಂತ ಕೆಳಗೆ ಹೋದ್ರೆ ಸರಿಯಾಗಿ ಪದರ ಕಟ್ಟಲ್ಲ, ಒಣಗಿದ ಮೇಲೆ ಸುಣ್ಣದ ಪುಡಿ ಥರ ಬೆಳ್ಳಗಾಗಿ ಜಾಯಿಂಟೇ ಬಿಟ್ಟುಕೊಳ್ಳತ್ತೆ. ಮೆಷಿನ್ ಹಾಕಿದ್ರೆ ಆ ಮೌನದಲ್ಲಿ ಅದರ ಸದ್ದು ಊರಿಗೆಲ್ಲಾ ಕೇಳತ್ತೆ. ಚಾಕು ಹಾಗಲ್ಲ, ಒಲೆ ಪಕ್ಕ ಕೂತ್ಕೊಂಡು, ತೊಡೆ ಮೇಲೆ ಒಂದು ದಪ್ಪ ಬಟ್ಟೆ ಹಾಸ್ಕೊಂಡು, ಮನೆಯವರ ಜೊತೆ ಮಾತಾಡ್ತಾನೇ ಸೌಟು ಕೆತ್ತಬಹುದು, ಧೂಳು ಏಳಲ್ಲ, ಬಿದ್ದ ಚಕ್ಕೆಗಳನ್ನ ಗುಡಿಸಿ ಒಲೆಗೆ ಹಾಕಿದ್ರೆ ಆಯ್ತು.

ಈ ಚಾಕು ಬಂದಿರೋದೇ ಅಂಥ ಜಾಗದಿಂದ. ಸ್ವೀಡನ್ನಿನ ದಾಲಾರ್ನಾ ಪ್ರಾಂತ್ಯದಲ್ಲಿ ಮೋರಾ ಅಂತ ಒಂದು ಊರು, ಕಂಪನಿ ತನ್ನ ಶುರುವಾತನ್ನ 1891ರಿಂದ ಲೆಕ್ಕ ಹಾಕತ್ತೆ. ಬಣ್ಣ ಬಳಿದ ಆ ಪುಟ್ಟ ಮರದ ಕುದುರೆ ನೋಡಿರ್ತೀರಲ್ಲ, ದಾಲಾ ಕುದುರೆ ಅಂತಾರೆ, ಅದೂ ಇದೇ ಪ್ರಾಂತ್ಯದ್ದು, ಉದ್ದುದ್ದ ಚಳಿಗಾಲದ ರಾತ್ರಿಗಳಲ್ಲಿ ರೈತರು ಕೂತು ಕೆತ್ತಿದ್ದು.

ಈಗ ಚಾಕು ವಿಷಯ. ಅಲಗು ಹತ್ತತ್ರ 60 ಮಿಲಿಮೀಟರ್ ಅಷ್ಟೇ. ಫೋಟೋದಲ್ಲಿ ನೋಡಿ "ಇಷ್ಟು ಚಿಕ್ಕದಾ" ಅನ್ಸತ್ತೆ, ಆದ್ರೆ ಕೆತ್ತನೆಗೆ ಬೇಕಾಗಿರೋದೇ ಇದು, ತುದಿ ಕೈಗೆ ಹತ್ತಿರ ಇದ್ದಷ್ಟೂ ಹಿಡಿತ ಜಾಸ್ತಿ. ಇದರ ಅಣ್ಣ ಅನ್ನಬಹುದಾದ 106ರ ಅಲಗು ಸುಮಾರು 82 ಮಿಲಿಮೀಟರ್, ದೊಡ್ಡ ತುಂಡನ್ನ ಬೇಗ ಸವರೋಕೆ ಅದು ಚೆನ್ನಾಗಿದೆ, ಆದ್ರೆ ಹೊಸಬರು ಎದೆ ಕಡೆಗೆ ಎಳೆದು ಕೊಯ್ಯುವಾಗ ಆ ಉದ್ದದ ತುದಿ ಎಲ್ಲಿದೆ ಅನ್ನೋ ಗಮನ ಇರಲ್ಲ, ಅದಕ್ಕೆ ಮೊದಲನೇ ಚಾಕು 120 ಆಗಿರ್ಲಿ. ಉಕ್ಕು ಮೂರು ಪದರದ್ದು, ನಡುವೆ ಗಟ್ಟಿ ಕಾರ್ಬನ್ ಸ್ಟೀಲ್, ಎರಡು ಪಕ್ಕಕ್ಕೆ ಮೆತ್ತನೆ ಉಕ್ಕು. ಹೀಗಾಗಿ ಬಾಯಿ ತುಂಬಾ ಹೊತ್ತು ಹರಿತ ಉಳಿಸ್ಕೊಳ್ಳತ್ತೆ, ಸಾಣೆ ಹಿಡಿಯುವಾಗ ಪಕ್ಕದ ಮೆತ್ತನೆ ಉಕ್ಕು ಬೇಗ ಸವೆಯೋದ್ರಿಂದ ಕೈ ನೋಯಲ್ಲ.

ಸಾಣೆ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಹೆಚ್ಚಿನವರು ಚಾಕುವಿನ ಕೆಲಸ ಬಿಡೋದೇ ಇಲ್ಲಿ. ಇದರ ಇಳಿಜಾರು, ಅಂದ್ರೆ ಅಲಗು ಬಾಯಿ ಕಡೆಗೆ ತೆಳ್ಳಗಾಗ್ತಾ ಹೋಗೋ ಭಾಗ, ಅಗಲವಾಗಿ, ಚಪ್ಪಟೆಯಾಗಿ ಇದೆ, ಕೋನ ಅಳೆಯೋ ತಲೆನೋವೇ ಇಲ್ಲ, ಆ ಇಳಿಜಾರನ್ನ ಪೂರ್ತಿ ಕಲ್ಲಿನ ಮೇಲೆ ಮಲಗಿಸಿ ಉಜ್ಜಿದ್ರೆ ಕೋನ ತಾನಾಗೇ ಸರಿ ಕೂರತ್ತೆ. 1000 ಗ್ರಿಟ್ (ಕಲ್ಲು ಎಷ್ಟು ನುಣುಪು ಅನ್ನೋ ಅಳತೆ) ಕಲ್ಲು, ಆಮೇಲೆ ಪಾಲಿಶ್ ಪೇಸ್ಟ್ ಹಚ್ಚಿದ ಚರ್ಮದ ತುಂಡು, ಅಷ್ಟೇ. ಕೆತ್ತುತ್ತಾ ಇರುವಾಗಲೇ ಮಧ್ಯೆ ಮಧ್ಯೆ ಚರ್ಮದ ಮೇಲೆ ನಾಲ್ಕು ಸಲ ಎಳೆದ್ರೆ ಕಲ್ಲಿನ ಹತ್ರ ಹೋಗೋ ಅಗತ್ಯನೇ ಅಪರೂಪ. ಮೊಂಡು ಚಾಕುನೇ ಕೈ ಕೊಯ್ಯೋದು, ಜೋರಾಗಿ ಒತ್ತಬೇಕಾಗತ್ತೆ, ಒತ್ತಿದಾಗ ಜಾರತ್ತೆ.

ಮರ ಹಸಿದೇ ಇರ್ಲಿ. ಹಸಿ ಮರದಲ್ಲಿ ಚಾಕು ಇಳಿಯೋ ಸುಖ ಒಣಗಿದ ಹಲಗೆಯಲ್ಲಿ ಸಿಗಲ್ಲ. ಚಳಿಗಾಲದ ಲಾಭ ಏನಂದ್ರೆ ಕಡಿದ ದಿಮ್ಮಿ ಹೊರಗಡೆ ತಣ್ಣಗೆ ಬಿದ್ದಿದ್ರೆ ನಿಧಾನಕ್ಕೆ ಒಣಗತ್ತೆ, ಹುಳ ಬೂಷ್ಟಿನ ಕಾಟನೂ ಕಮ್ಮಿ. ಅದೇ ಮರನ ಒಳಗೆ ತಂದು ಒಲೆ ಹತ್ರ ಇಟ್ರೆ ಮಾತ್ರ ತುದಿಯಿಂದ ಪಟಪಟ ಸೀಳತ್ತೆ, ಅರ್ಧ ಕೆತ್ತಿದ ಸೌಟನ್ನ ರಾತ್ರಿ ಅದರದ್ದೇ ಚಕ್ಕೆ ಜೊತೆ ಒಂದು ಕವರಲ್ಲಿ ಸುತ್ತಿಡಿ. ನಡುವಿನ ತಿರುಳನ್ನ ಮೊದಲೇ ಸೀಳಿ ತೆಗೆದುಬಿಡ್ಬೇಕು, ಅದು ಉಳಿದ್ರೆ ಬಿರುಕು ಗ್ಯಾರಂಟಿ. ಹಿಮ ಬೀಳೋ ಕಡೆ ಹೆಪ್ಪುಗಟ್ಟಿದ ದಿಮ್ಮಿ ಸಿಕ್ಕಿದ್ರೆ ಅದು ಕಲ್ಲಾಗಿರತ್ತೆ, ಕರಗೋವರೆಗೂ ಕಾಯಿರಿ.

ತಕರಾರು ಇಲ್ಲ ಅಂತಲ್ಲ. ಕಾರ್ಬನ್ ಸ್ಟೀಲ್ ಅಂದ್ಮೇಲೆ ತುಕ್ಕು ಇದ್ದೇ ಇದೆ, ಅದ್ರಲ್ಲೂ ಚಳಿಗಾಲದಲ್ಲಿ ತಣ್ಣನೆ ಶೆಡ್ಡಿಂದ ಬೆಚ್ಚನೆ ಕೋಣೆಗೆ ತಂದ ತಕ್ಷಣ ಅಲಗಿನ ಮೇಲೆ ನೀರು ಹನಿ ಕೂರತ್ತೆ, ಒರೆಸದೆ ಪ್ಲಾಸ್ಟಿಕ್ ಒರೆಗೆ ತುರುಕಿದ್ರೆ ಒಳಗೇ ತುಕ್ಕು ಹಿಡಿಯತ್ತೆ. ಒರೆಸಿ, ಒಂದು ಹನಿ ಎಣ್ಣೆ ಸವರಿ, ಮನೆ ಒಳಗೇ ಇಡಿ. ಹಿಡಿ ಬರ್ಚ್ ಮರದ್ದು, ನುಣ್ಣಗೆ ದುಂಡಗಿದೆ, ಬೆರಳಿಗೆ ತಡೆ ಅಂತ ಏನೂ ಇಲ್ಲ, ಚುಚ್ಚೋ ಕೆಲಸಕ್ಕೆ ಇದನ್ನ ಬಳಸ್ಲೇಬೇಡಿ. ಆನ್‌ಲೈನಲ್ಲಿ ಸಿಗೋ ಅಗ್ಗದ ಹನ್ನೆರಡು ಪೀಸ್ ಸೆಟ್ ಒಂದನ್ನ (ಹೆಸರು ಬೇಡ) ನಾನೂ ಬಳಸಿದ್ದೆ, ಅದರ ಅಷ್ಟೂ ಚಾಕುಗಿಂತ ಇದೊಂದೇ ಜಾಸ್ತಿ ಕೆಲಸ ಮಾಡತ್ತೆ.

ಒಂದು ವಿಷಯ ಮಾತ್ರ ಗಮನಿಸಿ, ಸೌಟಿನ ಗುಳಿ ಇದ್ರಲ್ಲಿ ಆಗಲ್ಲ. ಅದಕ್ಕೆ ಬಗ್ಗಿದ ಚಾಕು ಬೇರೆ ಬೇಕು, ಅದೇ ಕಂಪನಿಯ 164 ಇದೆ, ಬಲಗೈಗೆ ಎಡಗೈಗೆ ಬೇರೆ ಬೇರೆ ಬರತ್ತೆ, ಆರ್ಡರ್ ಮಾಡುವಾಗ ಯಾವ ಕೈಯದ್ದು ಅಂತ ನೋಡಿ ಒತ್ತಿ. ಗುಳಿ ಬೇಡ, ಬೆಣ್ಣೆ ಸವರೋ ಚಪ್ಪಟೆ ಚಾಕು, ಮಗುಚೋ ಕೈ, ಮಕ್ಕಳಿಗೆ ಪ್ರಾಣಿ ಗೊಂಬೆ, ಇಷ್ಟು ಸಾಕು ಅನ್ನೋರು 120 ಒಂದನ್ನೇ ತಗೊಳ್ಳಿ, 164ರ ದುಡ್ಡಿಗೆ ಒಳ್ಳೆ ಸಾಣೆಕಲ್ಲು ಬರ್ಲಿ.